ಹೊಸ ಬೇಸ್ ಗಿಟಾರ್ ಕೊಳ್ಳುವವರಿಗೆ: ಕೋಲಾರ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಕೆಸ್ಟ್ರಾ ತಾಲೀಮಿನ ಬಿಡುವಿನಲ್ಲಿ, ರಾಬರ್ಟ್‌ಸನ್‌ಪೇಟೆಯ ಚರ್ಚ್ ಅಂಗಳದಲ್ಲಿ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಮುಳಬಾಗಿಲು, ಮಾಲೂರಿನಿಂದ ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಉತ್ತರಗಳ ಹಿಂದೆ ನನ್ನದೊಂದು ಹಠವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಬೇಸ್ ಗಿಟಾರಿನ ಗುಣ ಅದರ ನೆಕ್‌ನಲ್ಲಿ, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತಿನಲ್ಲಿದೆ. ಬಣ್ಣ, ಹೆಸರು, ತೂಕ ಎಲ್ಲವೂ ಅದರ ನಂತರ.

## ಮನಸ್ಸು ಮಾಡುವಾಗ

ಬೇಸ್ ಎಂದರೆ ಎರಡು ತಂತಿ ಕಡಿಮೆ ಇರುವ ಗಿಟಾರ್ ತಾನೇ? ಮೊದಲು ಮಾಮೂಲಿ ಗಿಟಾರ್ ಕಲಿತು ಆಮೇಲೆ ಇದಕ್ಕೆ ಬರಬೇಕೇ?

ಬೇಕಿಲ್ಲ. ಬೇಸ್ ಗಿಟಾರಿನ ತಂತಿಗಳು ಇ, ಎ, ಡಿ, ಜಿ. ಗಿಟಾರಿನ ನಾಲ್ಕು ದಪ್ಪ ತಂತಿಗಳ ಹೆಸರೂ ಇವೇ, ಆದರೆ ಬೇಸ್ ಒಂದು ಸ್ಥಾಯಿ ಕೆಳಗಿದೆ. ಗಿಟಾರಿನ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್‌ನದು ಸುಮಾರು 41 ಸಲ. ಹಾಡಿನಲ್ಲಿ ಅದರ ಜೊತೆಗಾರ ಡ್ರಮ್. ನಮ್ಮ ಕಡೆಯ ತಂಡಗಳಲ್ಲಾದರೆ ಢೋಲಕ್ ಮತ್ತು ತಬಲಾದ ಎಡಗೈ. ಚಪ್ಪಾಳೆ ತಪ್ಪದೆ ತಾಳ ಹಾಕಬಲ್ಲ ಹುಡುಗ ಅಥವಾ ಹುಡುಗಿ ನೇರವಾಗಿ ಬೇಸ್‌ನಿಂದಲೇ ಆರಂಭಿಸಬಹುದು. ತಾಳ ನಿಲ್ಲದಿದ್ದರೆ ಆರು ವರ್ಷ ಗಿಟಾರ್ ಕಲಿತರೂ ಇಲ್ಲಿ ಅದು ನೆರವಿಗೆ ಬರುವುದಿಲ್ಲ.

ಮಗ ಹಠ ಹಿಡಿದಿದ್ದಾನೆ ಸರ್. ಎಷ್ಟು ದುಡ್ಡು ಇಟ್ಟುಕೊಂಡು ಹೊರಡಲಿ?

ಟೊಮೆಟೊಗೆ ಒಳ್ಳೆಯ ಬೆಲೆ ಬಂದ ವಾರ ತಂದೆಯರು ಈ ಪ್ರಶ್ನೆ ಹೊತ್ತು ಬರುತ್ತಾರೆ. ಆ ದುಡ್ಡಿನ ಹಿಂದೆ ಎಷ್ಟು ದುಡಿಮೆ ಇದೆ ಎಂದು ಗೊತ್ತಿರುವುದರಿಂದ ನೇರವಾಗಿ ಹೇಳುತ್ತೇನೆ. ಕಲಿಯುವವರಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರದ ಆಸುಪಾಸಿನ ಹೊಸ ವಾದ್ಯ ಸಾಕು. ಯಮಾಹಾ, ಐಬನೀಜ್, ಕಾರ್ಟ್, ಸ್ಕ್ವಾಯರ್ ಕಂಪನಿಗಳ ಆರಂಭದ ಮಾದರಿಗಳನ್ನು ಸರಿಯಾಗಿ ಆರಿಸಿ ಸೆಟಪ್ (ನೆಕ್‌ನ ಬಾಗು, ತಂತಿಯ ಎತ್ತರ, ಶ್ರುತಿ ಹೊಂದಿಸುವ ಕೆಲಸ) ಮಾಡಿಸಿದರೆ ಹಲವು ವರ್ಷ ವೇದಿಕೆಯಲ್ಲೂ ನಿಲ್ಲುತ್ತವೆ. ಹತ್ತು ಸಾವಿರದೊಳಗಿನವುಗಳಲ್ಲಿ ಸಾಮಾನ್ಯವಾಗಿ ಫ್ರೆಟ್ (ನೆಕ್‌ಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಕೆಲಸ ಮತ್ತು ಶ್ರುತಿ ಕೀಲಿಗಳು ಕೈಕೊಡುತ್ತವೆ. ಮಗು ತನಗೇ ಬರುತ್ತಿಲ್ಲ ಎಂದುಕೊಂಡು ಬಿಟ್ಟುಬಿಡುತ್ತದೆ, ತಪ್ಪು ವಾದ್ಯದ್ದಾಗಿರುತ್ತದೆ. ಹಾಗೆ ಬಿಟ್ಟವರನ್ನು ಕಂಡಿದ್ದೇನೆ, ಆ ನೋವು ನನಗೆ ಇಂದಿಗೂ ಇದೆ.

ಒಂದು ಎಚ್ಚರಿಕೆ: ಇರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಕೇಬಲ್, ಅಗಲವಾದ ಬೆಲ್ಟ್, ದಪ್ಪ ಹೊದಿಕೆಯ ಚೀಲ, ಅಭ್ಯಾಸದ ಆಂಪ್ಲಿಫೈಯರ್ ಮತ್ತು ಮೊದಲ ಸೆಟಪ್ ಇವಕ್ಕೆಂದು ಮೂರನೆಯ ಒಂದು ಭಾಗವನ್ನಾದರೂ ಬೇರೆ ತೆಗೆದಿಡಿ.

ಆಂಪ್ಲಿಫೈಯರ್ ಯಾಕೆ? ಮನೆಯಲ್ಲಿ ಹೋಂ ಥಿಯೇಟರ್ ಇದೆಯಲ್ಲ?

ಮಿತವಾದ ದನಿಯಲ್ಲಿ ಕೇಳುತ್ತದೆ. ಆದರೆ ರೆಕಾರ್ಡ್ ಆದ ಹಾಡಿನಲ್ಲಿ ಬೇಸ್ ಹದಗೊಳಿಸಿ ಕೂರಿಸಿರುತ್ತಾರೆ. ನೇರವಾಗಿ ಮೀಟಿದ ತಂತಿಯ ಏಟು ಹಾಗಲ್ಲ, ಸಣ್ಣ ಸ್ಪೀಕರಿನ ಕೋನ್ ಹರಿಯಬಹುದು. ಹೆಡ್‌ಫೋನ್‌ಗೆ ಸೇರಿಸುವ ಚಿಕ್ಕ ಅಭ್ಯಾಸದ ಆಂಪ್ ಅಗ್ಗ, ರಾತ್ರಿ ಅಕ್ಕಪಕ್ಕದವರಿಗೂ ತೊಂದರೆಯಿಲ್ಲ.

ಹುಡುಗಿಗೆ ಹನ್ನೊಂದು ವರ್ಷ. ಬೆರಳು ಎಟುಕುವುದಿಲ್ಲ ಎನ್ನುತ್ತಾರೆ. ಬೆಳೆಯುವವರೆಗೆ ಕಾಯಲೇ?

ಕಾಯಬೇಡಿ, ಚಿಕ್ಕ ಅಳತೆಯದು ಕೊಡಿಸಿ. ನೆಕ್‌ನ ತಲೆಯ ಕಡೆ ತಂತಿ ಕೂರುವ ನಟ್‌ನಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಜ್‌ವರೆಗಿನ ಉದ್ದ ಸಾಮಾನ್ಯ ಬೇಸ್‌ನಲ್ಲಿ 34 ಅಂಗುಲ, ಚಿಕ್ಕದರಲ್ಲಿ 30 ಅಂಗುಲ. ಐಬನೀಜ್‌ನ ಮೈಕ್ರೋ ಮಾದರಿ ಇನ್ನೂ ಚಿಕ್ಕದು, 28.6 ಅಂಗುಲ. ಮೊದಲ ಫ್ರೆಟ್ ಮೇಲೆ ತೋರುಬೆರಳು, ಮೂರನೆಯದರ ಮೇಲೆ ಕಿರುಬೆರಳು ಮಣಿಕಟ್ಟು ತಿರುಚದೆ ಕೂರುವುದಾದರೆ ಆ ಅಳತೆ ಹೊಂದುತ್ತದೆ. ದೊಡ್ಡವರೂ ಚಿಕ್ಕ ಅಳತೆಯದನ್ನು ಇಷ್ಟಪಟ್ಟು ನುಡಿಸುತ್ತಾರೆ. ಅದರಲ್ಲಿ ಕೊರತೆಯೇನೂ ಇಲ್ಲ.

ಬೆಂಗಳೂರಿಗೆ ಹೋಗಿಯೇ ತರಬೇಕೇ? ಮನೆಗೇ ತರಿಸಿಕೊಂಡರೆ ಆಗದೇ?

ಸಾಧ್ಯವಿದ್ದರೆ ಹೋಗಿ. ಒಂದೇ ಕಂಪನಿಯ, ಒಂದೇ ಬೆಲೆಯ ಎರಡು ವಾದ್ಯಗಳ ನಡುವೆ ಕೈಗೆ ಗೊತ್ತಾಗುವಷ್ಟು ವ್ಯತ್ಯಾಸವಿರುತ್ತದೆ. ಬೆಳಗಿನ ರೈಲಿಗೆ ಹೋದರೆ ಸಂಜೆಗೆ ಮರಳಬಹುದು. ಒಂದೇ ಮಾದರಿಯ ಎರಡು ಮೂರು ತೆಗೆಸಿ ನೋಡಿ, ನೋಡಿದ್ದನ್ನೇ ಕಟ್ಟಿಸಿಕೊಂಡು ಬನ್ನಿ. ಒಳಗಿನಿಂದ ಹೊಸ ಪೆಟ್ಟಿಗೆ ತಂದುಕೊಡುತ್ತೇವೆ ಎಂದರೆ ಅದನ್ನೂ ಬಿಚ್ಚಿಸಿ ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಗಡುವು ಎಷ್ಟು ದಿನ ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ, ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಕೆಳಗೆ ಹೇಳಿದ ಪರೀಕ್ಷೆಗಳನ್ನು ಅದೇ ದಿನ ಮಾಡಿ ಮುಗಿಸಿ.

## ಅಂಗಡಿಯಲ್ಲಿ, ಕೈಗೆ ತೆಗೆದುಕೊಂಡಾಗ

ನನಗಿನ್ನೂ ನುಡಿಸಲು ಬರುವುದಿಲ್ಲ. ಏನು ನೋಡಿ ಒಳ್ಳೆಯದು, ಕೆಟ್ಟದ್ದು ಎಂದು ಹೇಳಲಿ?

ನುಡಿಸಲು ಬರದಿದ್ದರೂ ಕಣ್ಣು, ಕೈ, ಕಿವಿ ಇವೆ. ಅರ್ಧ ಗಂಟೆ ಬೇಕೆಂದು ಮೊದಲೇ ಹೇಳಿ. ಶ್ರುತಿ ಮಾಡಿಸಿಕೊಂಡ ಮೇಲೆಯೇ ನೋಡಬೇಕು. ತಂತಿ ಸಡಿಲವಿದ್ದಾಗ ನೆಕ್ ತನ್ನ ನಿಜವಾದ ರೂಪ ತೋರಿಸುವುದಿಲ್ಲ.

ಬಡಗಿ ಹಲಗೆಯ ನೇರ ನೋಡುವಂತೆ ಒಂದು ಕಣ್ಣು ಮುಚ್ಚಿ, ಬಾಡಿಯ ಕಡೆಯಿಂದ ನೆಕ್‌ನ ಉದ್ದಕ್ಕೂ ನೋಟ ಹಾಯಿಸಿ. ಫ್ರೆಟ್‌ಗಳು ರೈಲು ಹಳಿಯ ಸ್ಲೀಪರ್‌ಗಳಂತೆ ಒಂದಕ್ಕೊಂದು ಸಮನಾಗಿ ಕಾಣಬೇಕು. ಹತ್ತಿರದ ಫ್ರೆಟ್ ಒಂದು ಕಡೆಗೆ, ದೂರದ ಫ್ರೆಟ್ ಇನ್ನೊಂದು ಕಡೆಗೆ ವಾಲಿದ್ದರೆ ನೆಕ್ ತಿರುಚಿದೆ. ಅದನ್ನು ಕೆಳಗಿಡಿ. ನೆಕ್ ಒಳಗಿನ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್, ಬಾಗನ್ನು ತಿದ್ದುತ್ತದೆಯೇ ಹೊರತು ತಿರುಚನ್ನು ತಿದ್ದುವುದಿಲ್ಲ. ನನ್ನ ಮೊದಲ ಬೇಸ್‌ನಲ್ಲಿ ಇದೇ ದೋಷವಿತ್ತು. ಹೊಳೆಯುವ ಕಂದು ಬಣ್ಣಕ್ಕೆ ಮನಸೋತು ಕೊಂಡಿದ್ದೆ. ಆರನೆಯ ದಿನ ತಾಲೀಮಿನಲ್ಲಿ ಹಿರಿಯ ವಾದಕರೊಬ್ಬರು ಹೀಗೆಯೇ ಒಂದು ಕಣ್ಣು ಮುಚ್ಚಿ ನೋಡಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟು, "ನೀನೇ ನೋಡು" ಎಂದರು. ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬದಲಿ ಕೊಡುವ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಆ ದಿನದಿಂದ.

ಎರಡನೆಯದು, ಅಂಗೈಯಿಂದ ನೆಕ್‌ನ ಎರಡೂ ಅಂಚನ್ನು ಮೇಲಿಂದ ಕೆಳಗೆ ಸವರಿ. ಫ್ರೆಟ್ ತುದಿ ಎಲ್ಲಿಯೂ ಗೀರಬಾರದು.

ಮೂರನೆಯದಕ್ಕೆ ತಾಳ್ಮೆ ಬೇಕು. ಒಂದೊಂದು ತಂತಿಯ ಒಂದೊಂದು ಫ್ರೆಟ್ಟನ್ನೂ ಒತ್ತಿ ಮೀಟಿ, ಮೂರು ಎಣಿಸುವವರೆಗೆ ಕೇಳಿ. 20 ಫ್ರೆಟ್ಟಿನ ವಾದ್ಯವಾದರೆ 80 ಸ್ವರಗಳು. ಎಲ್ಲೋ ಒಂದು ಕಡೆ ಮಾತ್ರ ಜರ್ರೆಂದರೆ, ಅಥವಾ ಅಕ್ಕಪಕ್ಕದ ಎರಡು ಫ್ರೆಟ್‌ಗಳು ಒಂದೇ ಸ್ವರ ಕೊಟ್ಟರೆ, ಮುಂದಿನ ಫ್ರೆಟ್ ಎದ್ದಿದೆ ಎಂದರ್ಥ. ಅಂಗಡಿಯವರು ಬೇಸರ ಪಟ್ಟುಕೊಂಡರೂ ಈ ಕೆಲಸ ಬಿಡಬೇಡಿ.

ಆಮೇಲೆ ಬೆಲ್ಟ್ ಹಾಕಿ ನಿಂತು ಎರಡೂ ಕೈ ಬಿಡಿ. ತಲೆಯ ಕಡೆ ನೆಲದತ್ತ ಜಗ್ಗಿದರೆ ನುಡಿಸುವಾಗಲೆಲ್ಲ ಎಡಗೈ ಅದನ್ನು ಹೊರಬೇಕಾಗುತ್ತದೆ. ಶ್ರುತಿ ಕೀಲಿ ತಿರುಗಿಸಿದಾಗ ನಡುವೆ ಖಾಲಿ ಸುತ್ತಬಾರದು. ದಪ್ಪ ಇ ಮತ್ತು ಸಣ್ಣ ಜಿ ತಂತಿಗಳು ನೆಕ್‌ನ ಅಂಚಿನಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರಬೇಕು. ಕೊನೆಗೆ ಆಂಪ್‌ಗೆ ಸೇರಿಸಿ, ಗುಂಡಿಗಳನ್ನು ತಿರುಗಿಸಿ, ಕೇಬಲ್ಲಿನ ತುದಿಯನ್ನು ಮೆಲ್ಲಗೆ ಅಲ್ಲಾಡಿಸಿ. ಕರಕರ ಸದ್ದು ಬರಬಾರದು.

ತಂತಿಗಳು ತುಂಬ ಎತ್ತರದಲ್ಲಿವೆ, ಒತ್ತಿದರೆ ಬೆರಳು ನೋಯುತ್ತದೆ. ಹೊಸದರಲ್ಲೇ ಹೀಗಿದ್ದರೆ ಕೆಟ್ಟ ವಾದ್ಯ ತಾನೇ?

ಅವಸರದಲ್ಲಿ ತಳ್ಳಿಹಾಕಬೇಡಿ. ಕಾರ್ಖಾನೆಯಿಂದ ಬಂದ ವಾದ್ಯ ಹಡಗು, ಗೋದಾಮು, ಲಾರಿ ದಾಟಿ ಬಂದಿರುತ್ತದೆ. ನೆಕ್ ಸ್ವಲ್ಪ ಬಾಗುವುದು ಸಹಜ. ತಿದ್ದಬಹುದಾದದ್ದು ಯಾವುದು, ತಿದ್ದಲಾಗದ್ದು ಯಾವುದು ಎಂದು ಬೇರ್ಪಡಿಸಿ ನೋಡುವುದೇ ಕೊಳ್ಳುವವರ ಜಾಣತನ.

ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿಹಿಡಿಯಿರಿ. ನಡುವೆ, ಏಳು ಎಂಟನೆಯ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ನಡುವಿನ ಸಂದು ಸುಮಾರು 0.3 ಮಿಲಿಮೀಟರ್ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಹಿಡಿಸುವಷ್ಟು. ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿಸಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆ ಸರಳು ಈಗಾಗಲೇ ಕೊನೆಯವರೆಗೆ ಬಿಗಿದಿದ್ದು, ನೆಕ್ ಇನ್ನೂ ಬಾಗಿಯೇ ಇದ್ದರೆ ಮಾತ್ರ ಆ ವಾದ್ಯ ಬೇಡ. ಇದನ್ನು ಅಂಗಡಿಯವರಿಂದಲೇ ತಿರುಗಿಸಿ ತೋರಿಸಲು ಹೇಳಿ.

ನೆಕ್ ಸರಿಯಾದ ಮೇಲೆ ಬ್ರಿಜ್‌ನಲ್ಲಿ ಒಂದೊಂದು ತಂತಿಯನ್ನು ಹೊರುವ ಸ್ಯಾಡಲ್‌ಗಳನ್ನು ಇಳಿಸಬಹುದು. 17ನೆಯ ಫ್ರೆಟ್ ಮೇಲೆ ಇ ತಂತಿ 2.4 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್ ಎತ್ತರದಲ್ಲಿದ್ದರೆ ಹೆಚ್ಚಿನವರ ಕೈಗೆ ಹಿತ. ಮೆಲ್ಲಗೆ ನುಡಿಸುವವರು ಇನ್ನಷ್ಟು ಇಳಿಸಿಕೊಳ್ಳಬಹುದು.

ಪಿ ಬೇಸ್, ಜೆ ಬೇಸ್ ಎನ್ನುತ್ತಾರೆ. ಯಾವುದು ತೆಗೆದುಕೊಳ್ಳಲಿ?

ಲಿಯೋ ಫೆಂಡರ್ 1951ರಲ್ಲಿ ತಂದ ಬೇಸ್‌ಗೆ ಪ್ರಿಸಿಷನ್ ಎಂದು ಹೆಸರಿಟ್ಟರು. ಅಲ್ಲಿಯವರೆಗಿನ ದೊಡ್ಡ ಡಬಲ್ ಬೇಸ್‌ನಲ್ಲಿ ಫ್ರೆಟ್ ಇರಲಿಲ್ಲ; ಇದರಲ್ಲಿ ಫ್ರೆಟ್ ಇದ್ದುದರಿಂದ ಸ್ವರ ನಿಖರವಾಗಿ ಸಿಗುತ್ತಿತ್ತು, ಹೆಸರು ಬಂದದ್ದು ಹಾಗೆ. 1957ರಿಂದ ಅದಕ್ಕೆ ಎರಡು ತುಂಡಾಗಿ ಕೂರುವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಂತು. ಜಾಝ್ ಬೇಸ್ ಬಂದದ್ದು 1960ರಲ್ಲಿ, ಎರಡು ಪಿಕಪ್‌ಗಳೊಂದಿಗೆ. ಪಿ, ಜೆ ಎನ್ನುವುದು ಈ ಎರಡರ ಕುಲನಾಮ; ಇಂದು ಹಲವು ಕಂಪನಿಗಳು ಇವುಗಳ ಜಾಡಿನಲ್ಲೇ ಮಾಡುತ್ತವೆ.

ಪಿ ದನಿ ದಪ್ಪ, ನೇರ. ಚರ್ಚ್ ಹಾಡಿಗೂ ರಸಮಂಜರಿಗೂ ಗದ್ದಲದ ನಡುವೆ ಕಳೆದುಹೋಗುವುದಿಲ್ಲ. ಜೆ ದನಿಯಲ್ಲಿ ಚುರುಕು ಹೆಚ್ಚು, ಬೆರಳಿನ ಸೂಕ್ಷ್ಮ ಕೇಳಿಸುತ್ತದೆ. ನಟ್ ಹತ್ತಿರ ನೆಕ್‌ನ ಅಗಲ ಜೆಯಲ್ಲಿ ಸುಮಾರು 38 ಮಿಲಿಮೀಟರ್, ಪಿಯಲ್ಲಿ ಸುಮಾರು 41ರಿಂದ 42. ಚಿಕ್ಕ ಕೈಯವರು ಈ ವ್ಯತ್ಯಾಸಕ್ಕೇ ಜೆ ಆರಿಸುವುದುಂಟು. ಎರಡೂ ಬಗೆಯ ಪಿಕಪ್ ಸೇರಿಸಿದ ಮಾದರಿಗಳಿವೆ. ಒಂದೇ ವಾದ್ಯದಲ್ಲಿ ಎಲ್ಲ ಕಾರ್ಯಕ್ರಮ ಮುಗಿಸಬೇಕಾದವರಿಗೆ ನನ್ನ ಮತ ಅದಕ್ಕೆ.

ನಾಲ್ಕು ತಂತಿಯೋ, ಐದೋ?

ಕಲಿಯಲು ನಾಲ್ಕು. ಆದರೆ ಆರ್ಕೆಸ್ಟ್ರಾದಲ್ಲಿ ಗಾಯಕರ ಜೊತೆ ನುಡಿಸುವವರಿಗೆ ಐದನೆಯದು ಬೇಕೆನಿಸುವ ದಿನ ಬರುತ್ತದೆ. ಗಾಯಕರ ಶ್ರುತಿ ಒಂದು ಮನೆ ಎಂದಿಟ್ಟುಕೊಳ್ಳಿ, ಅಂದರೆ ಸಿ. ನಾಲ್ಕು ತಂತಿಯಲ್ಲಿ ಸಿಗುವ ಅತಿ ಕೆಳಗಿನ ಸ್ವರ ಇ. ಷಡ್ಜ ಬೇಕಾದರೆ ಎ ತಂತಿಯ ಮೂರನೆಯ ಫ್ರೆಟ್‌ಗೆ ಹೋಗಬೇಕು. ಐದು ತಂತಿಯದರಲ್ಲಿ ಬಿ ತಂತಿಯ ಮೊದಲ ಫ್ರೆಟ್‌ನಲ್ಲೇ ಅದರ ಕೆಳಸ್ಥಾಯಿಯ ಷಡ್ಜ ಕಾದಿರುತ್ತದೆ. ಪಲ್ಲವಿಗೆ ಮರಳುವಾಗ ಆ ಸ್ವರ ಬಿದ್ದರೆ ಇಡೀ ತಂಡದ ಕೆಳಗೆ ನೆಲ ಹಾಸಿದಂತಾಗುತ್ತದೆ.

ಕೊಳ್ಳುವಾಗ ಆ ಬಿ ತಂತಿಯನ್ನೇ ಹೆಚ್ಚು ಪರೀಕ್ಷಿಸಿ. ಅಗ್ಗದ ವಾದ್ಯಗಳಲ್ಲಿ ಅದು ಹಗ್ಗದಂತೆ ತೊಯ್ದಾಡುತ್ತದೆ, ಸ್ವರದ ಬದಲು ಬರೀ ಗುಡುಗು ಕೇಳುತ್ತದೆ. ಉಳಿದ ತಂತಿಗಳಷ್ಟೇ ಸ್ಪಷ್ಟವಾಗಿ ಸ್ವರ ಹೇಳದಿದ್ದರೆ ಅದೇ ಬೆಲೆಗೆ ಒಳ್ಳೆಯ ನಾಲ್ಕು ತಂತಿಯದು ಮೇಲು.

ಭಾರ ಇದ್ದಷ್ಟೂ ಒಳ್ಳೆಯ ಮರವಂತೆ, ನಿಜವೇ?

ನಿಜವಲ್ಲ. ಹೆಚ್ಚಿನ ಬೇಸ್‌ಗಳು ಮೂರೂವರೆಯಿಂದ ನಾಲ್ಕೂವರೆ ಕಿಲೋ ತೂಗುತ್ತವೆ. ರಾತ್ರಿ ಒಂಬತ್ತಕ್ಕೆ ಆರಂಭವಾದ ಕಾರ್ಯಕ್ರಮ ಎರಡು ಗಂಟೆಗೆ ಮುಗಿಯುವಾಗ ಅರ್ಧ ಕಿಲೋ ಎಂದರೇನು ಎಂದು ಹೆಗಲು ಹೇಳುತ್ತದೆ. ಆರಂಭದ ಬೆಲೆಯಲ್ಲಿ ಪಾಪ್ಲರ್, ಬಾಸ್‌ವುಡ್ ಮರದ ಬಾಡಿ, ಮೇಪಲ್ ನೆಕ್ ಸಾಮಾನ್ಯ. ಅದರಲ್ಲಿ ಕೊರತೆ ಹುಡುಕಬೇಕಿಲ್ಲ.

ಬ್ಯಾಟರಿ ಹಾಕುವ ಬೇಸ್‌ಗೆ ಪವರ್ ಜಾಸ್ತಿಯೇ?

ಆ 9 ವೋಲ್ಟ್ ಬ್ಯಾಟರಿ ಇರುವುದು ವಾದ್ಯದೊಳಗಿನ ಪ್ರಿಆಂಪ್‌ಗೆ. ದನಿಯ ಮಂದ್ರ, ತಾರ ಭಾಗಗಳನ್ನು ಹೆಚ್ಚಿಸಲೂ ಬರುತ್ತದೆ, ತಗ್ಗಿಸಲೂ ಬರುತ್ತದೆ. ಬ್ಯಾಟರಿಯಿಲ್ಲದ ವಾದ್ಯದಲ್ಲಿ ತಗ್ಗಿಸುವುದು ಮಾತ್ರ ಸಾಧ್ಯ. ಕೇಬಲ್ ಚುಚ್ಚಿಟ್ಟಿದ್ದರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತದೆ, ಮುಗಿದಾಗ ದನಿ ಒಡೆಯುತ್ತದೆ. ಹಳ್ಳಿಯ ಜಾತ್ರೆಯಲ್ಲಿ ನಡುರಾತ್ರಿ ಬ್ಯಾಟರಿ ಎಲ್ಲಿ ಸಿಗುತ್ತದೆ? ಮೊದಲ ವಾದ್ಯ ಬ್ಯಾಟರಿ ಇಲ್ಲದ್ದೇ ಇರಲಿ.

## ಮನೆಗೆ ತಂದ ಮೇಲೆ

ಖಾಲಿ ತಂತಿ ಟ್ಯೂನರ್‌ನಲ್ಲಿ ಸರಿ ತೋರಿಸುತ್ತದೆ, ಮೇಲಿನ ಫ್ರೆಟ್‌ಗೆ ಹೋದರೆ ಅಪಶ್ರುತಿ. ಯಾಕೆ?

12ನೆಯ ಫ್ರೆಟ್‌ನಲ್ಲಿ ಒತ್ತಿದರೆ ಖಾಲಿ ತಂತಿಯ ಮೇಲುಸ್ಥಾಯಿಯ ಸ್ವರ ಬರಬೇಕು, ಷಡ್ಜಕ್ಕೆ ತಾರಷಡ್ಜ ಇದ್ದಂತೆ. ಅದು ಏರಿದ್ದರೆ ಆ ತಂತಿಯ ಸ್ಯಾಡಲ್ ಅನ್ನು ನೆಕ್‌ನಿಂದ ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ ತನ್ನಿ. ಸಣ್ಣ ಸ್ಕ್ರೂ ತಿರುಗಿಸುವ ಕೆಲಸ, ಮನೆಯಲ್ಲೇ ಆಗುತ್ತದೆ. ಹಳೆಯ ತಂತಿಯಲ್ಲಿ ಮಾಡಬೇಡಿ. ಸವೆದ ತಂತಿ ಎಷ್ಟು ಸರಿಸಿದರೂ ಶ್ರುತಿಗೆ ನಿಲ್ಲುವುದಿಲ್ಲ.

ಕೊಂಡಾಗ ನುಣುಪಾಗಿತ್ತು. ಏಪ್ರಿಲ್ ಬಂತು, ಫ್ರೆಟ್ ತುದಿಗಳು ಕೈ ಗೀರುತ್ತಿವೆ. ಮೋಸ ಹೋದೆನೇ?

ಮೋಸವಲ್ಲ, ನಮ್ಮ ಹವೆ. ತೇವ ಹೆಚ್ಚಿರುವ ಕಡೆ ತಯಾರಾದ ಮರ ಕೋಲಾರದ ಒಣ ಬೇಸಿಗೆಯಲ್ಲಿ ಕುಗ್ಗುತ್ತದೆ. ಲೋಹ ಕುಗ್ಗದೆ ಅಂಚಿನಲ್ಲಿ ಚಾಚಿಕೊಳ್ಳುತ್ತದೆ. ಒಂದು ಬೇಸಿಗೆ ಕಳೆದ ಮೇಲೆ ಬಲ್ಲವರಿಂದ ತುದಿಗಳನ್ನು ಸಣ್ಣ ಅರದಿಂದ ಉಜ್ಜಿಸಿದರೆ ಮತ್ತೆ ಹೆಚ್ಚಾಗಿ ಕಾಡುವುದಿಲ್ಲ. ಶೀಟಿನ ಮಾಡಿನ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ವಾದ್ಯ ಇಡಬೇಡಿ. ತೆಂಗಿನೆಣ್ಣೆಯನ್ನು ಫ್ರೆಟ್‌ಬೋರ್ಡಿಗೆ, ಅಂದರೆ ಫ್ರೆಟ್‌ಗಳು ಕೂರುವ ಹಲಗೆಗೆ, ಹಚ್ಚುವವರಿದ್ದಾರೆ. ಅದು ಅಂಟಾಗಿ ಕೂರುತ್ತದೆ, ಬೇಡ.

ಜಿ ತಂತಿಯ ಐದು ಆರನೆಯ ಫ್ರೆಟ್‌ನಲ್ಲಿ ಸ್ವರ ಬೇಗ ಸತ್ತುಹೋಗುತ್ತದೆ. ಪಿಕಪ್ ಹಾಳಾಗಿದೆಯೇ?

ಪಿಕಪ್ ಚೆನ್ನಾಗಿಯೇ ಇದೆ. ಪ್ರತಿ ನೆಕ್‌ಗೂ ತನ್ನದೇ ಕಂಪನವಿರುತ್ತದೆ. ತಂತಿಯ ಸ್ವರ ಅದಕ್ಕೆ ಹತ್ತಿರ ಬಂದಾಗ ನೆಕ್ ಆ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಬೋಲ್ಟ್ ಹಾಕಿ ಕೂರಿಸಿದ ನೆಕ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ಗಳ ಸುತ್ತ ಇದು ಸಾಮಾನ್ಯ, ದುಬಾರಿ ವಾದ್ಯಗಳಲ್ಲೂ ಉಂಟು. ತಲೆಯ ಭಾಗಕ್ಕೆ ಒಂದು ಕ್ಲಾಂಪ್ ಬಿಗಿದು ನೋಡಿ, ಸತ್ತ ಜಾಗ ಬೇರೆಡೆಗೆ ಸರಿಯುತ್ತದೆ. ಪೂರ್ತಿ ಹೋಗಿಸಲಾಗದು, ಅದಕ್ಕೇ ಅಂಗಡಿಯಲ್ಲಿ ಮೂರು ಎಣಿಸುವವರೆಗೆ ಕೇಳಿ ಎಂದದ್ದು.

ಪಿಕಪ್ ಬದಲಾಯಿಸಿದರೆ ದುಬಾರಿ ಬೇಸ್‌ನ ದನಿ ಬರುತ್ತದೆಯೇ?

ಮೊದಲು ತಂತಿ ಬದಲಾಯಿಸಿ. ಒರಟು ಸುತ್ತಿನ ರೌಂಡ್‌ವೂಂಡ್ ತಂತಿಗೆ ಹೊಳಪಿನ ದನಿ, ನುಣುಪಾದ ಫ್ಲಾಟ್‌ವೂಂಡ್‌ಗೆ ಹಳೆಯ ಹಾಡುಗಳ ಮೃದು ದನಿ. ಇಷ್ಟರಿಂದಲೇ ಬೇರೆ ವಾದ್ಯದಂತೆ ಕೇಳುತ್ತದೆ.

ಜಾತ್ರೆಯ ವೇದಿಕೆಯಲ್ಲಿ ಗುಂಯ್ ಎನ್ನುತ್ತದೆ, ಮೈಕ್ ತಾಗಿದರೆ ತುಟಿಗೆ ಜುಮ್ಮೆನ್ನುತ್ತದೆ. ಬೇಸ್‌ನಲ್ಲೇ ದೋಷವೇ?

ಎರಡು ಬೇರೆ ವಿಷಯಗಳು. ಗುಂಯ್ ಸದ್ದು ಕರೆಂಟಿನ 50 ಹರ್ಟ್ಸ್‌ನದು. ಜೆ ಬೇಸ್‌ನಲ್ಲಿ ಒಂದೇ ಪಿಕಪ್ ತೆರೆದರೆ ಹೆಚ್ಚು, ಎರಡನ್ನೂ ಪೂರ್ತಿ ತೆರೆದರೆ ಬಹುಪಾಲು ಅಡಗುತ್ತದೆ. ಪಿ ಬೇಸ್‌ನ ಎರಡು ತುಂಡಿನ ಪಿಕಪ್ ತಾನಾಗಿಯೇ ಅದನ್ನು ಕಳೆಯುತ್ತದೆ. ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಬ್ರಿಜ್‌ನ ಗ್ರೌಂಡ್ ವಯರ್ ಸರಿಯಾಗಿದೆ ಎಂದರ್ಥ. ಮುಟ್ಟಿದರೂ ಬದಲಾಗದಿದ್ದರೆ ಆ ವಯರ್ ಬಿಟ್ಟಿರಬಹುದು, ಬೆಸುಗೆ ಹಾಕಿಸಿ.

ತುಟಿಗೆ ಜುಮ್ಮೆನ್ನುವುದು ಮಾತ್ರ ಪ್ರಾಣದ ವಿಷಯ. ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತವೆ, ಮೈಕ್ ಮಿಕ್ಸರ್ ಮೂಲಕ ಅದರ ಅರ್ಥಿಂಗ್‌ಗೆ. ಎರಡೂ ಬೇರೆ ಬೇರೆ ಲೈನಿನಿಂದ ಬಂದು ಒಂದರ ಅರ್ಥಿಂಗ್ ಸತ್ತಿದ್ದರೆ, ನಿಮ್ಮ ಕೈ ಮತ್ತು ತುಟಿಯ ನಡುವೆ ದೇಹವೇ ವಯರ್ ಆಗುತ್ತದೆ. ಆಂಪ್, ಮಿಕ್ಸರ್ ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಲು ಯಾರಿಗೂ ಬಿಡಬೇಡಿ, ಗುಂಯ್ ಸದ್ದು ನಿಲ್ಲುತ್ತದೆ ಎಂದು ಎಷ್ಟೇ ಹೇಳಿದರೂ. ಕಾರ್ಯಕ್ರಮಕ್ಕೆ ಮೊದಲು ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರ ತೋರಿಸಬೇಕು. ಹತ್ತಾರು ವೋಲ್ಟ್ ತೋರಿಸಿದರೆ, ಜನ ಎಷ್ಟೇ ಶಿಳ್ಳೆ ಹಾಕಲಿ, ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ವಾದ್ಯವನ್ನು ಕೈಗೆ ತೆಗೆದುಕೊಳ್ಳಬೇಡಿ.